ದಿಲ್ಲಿಯಲ್ಲೊಂದು ಧಾರೆ



“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂಬ ಗಾದೆಯನ್ನು ನಿಮ್ಮ ಮನೆಗಳಲ್ಲಿ ಕೇಳಿಯೇ ಇರುತ್ತೀರಿ. ಮನೆ ಕಟ್ಟುವ ಕಷ್ಟ ನನಗೆ ತಿಳಿಯದು. ದಿಲ್ಲಿಯಲ್ಲಿ ನಮ್ಮಂಥವರು ಯಾರೋ ಕಟ್ಟಿದ ಫ್ಲ್ಯಾಟನ್ನು ಸಾಲ ಮಾಡಿ ಕೊಳ್ಳುವವರು. ಆದರೆ ಮದುವೆ ಎರಡು ಮಾಡಿ ನೋಡಿದ್ದೇನೆ. ಮಗನದು 2019ರಲ್ಲಿ ಮೈಸೂರಿನಲ್ಲಿ ಆಯಿತು. ಮಗಳದು 2022ರ ಡಿಸೆಂಬರಿನಲ್ಲಿ, ಇಲ್ಲೇ ಗುರುಗ್ರಾಮದ ಹೊರವಲಯದ ಒಂದು ಫಾರ್ಮ್‌ಹೌಸಿನಲ್ಲಿ, ಪಂಜಾಬಿ ಹುಡುಗನ ಜೊತೆ. ನಾಳೆ ನೀವೂ ಇಂಥದೇ ದಾರಿಯಲ್ಲಿ ಬರುವವರಾದ್ದರಿಂದ, ನಾವು ಎಡವಿದ ಕಡೆ ನೀವು ಎಡವದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಶಾಸ್ತ್ರ ಬಲ್ಲವಳಲ್ಲ. ಹಾಸನದಲ್ಲಿ ಇಂಗ್ಲಿಷ್ ಸಾಹಿತ್ಯ ಓದಿ ಬಿ.ಎ. ಮಾಡಿದವಳು. 1993ರಲ್ಲಿ ನನ್ನ ಮದುವೆಯಾದಾಗ ಪುರೋಹಿತರು ಹೇಳಿದಲ್ಲಿ ಕೂತೆ, ಹೇಳಿದಾಗ ಎದ್ದೆ. ಹೊಗೆಗೆ ಕಣ್ಣು ಉರಿದದ್ದು, ಹೊಸ ಕಾಲುಂಗುರ ಒತ್ತಿದ್ದು ನೆನಪಿದೆಯೇ ಹೊರತು ಒಂದು ಮಂತ್ರದ ಅರ್ಥವೂ ತಿಳಿದಿರಲಿಲ್ಲ. ಮದುವೆಯಾಗಿ ಹದಿನೈದು ದಿನಕ್ಕೆ ಎರಡು ಟ್ರಂಕು, ಒಂದು ಡಬ್ಬಿ ಹುಳಿಪುಡಿ ಇಟ್ಟುಕೊಂಡು ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ಇಲ್ಲಿಗೆ ಬಂದೆ. ಇಪ್ಪತ್ತೊಂಬತ್ತು ವರ್ಷದ ಮೇಲೆ ನನ್ನ ಮಗಳು, “ಅಮ್ಮಾ, ಇದನ್ನು ಯಾಕೆ ಮಾಡಬೇಕು?” ಎಂದು ಒಂದೊಂದಾಗಿ ಕೇಳತೊಡಗಿದಾಗಲೇ ನಾನು ಕಲಿಯಲು ಕೂತದ್ದು.

ಐದು ದಿನದಿಂದ ಅರ್ಧ ದಿನಕ್ಕೆ

“ನಮ್ಮ ಮದುವೆ ಸಾವಿರಾರು ವರ್ಷದಿಂದ ಹೀಗೆಯೇ ನಡೆದುಬಂದಿದೆ” ಎಂದು ಯಾರಾದರೂ ಹಿರಿಯರು ನಿಮಗೆ ಹೇಳಿದರೆ ನಕ್ಕು ಸುಮ್ಮನಿರಿ. ನನ್ನ ಅಜ್ಜಿಯ ಮದುವೆ ಐದು ದಿನ ನಡೆಯಿತು. ಊರವರೇ ಹಸಿರು ಚಪ್ಪರ ಹಾಕಿದ್ದರು, ಬೀಗರು ಬಿಡದಿ ಮನೆಯಲ್ಲಿ ಐದು ದಿನವೂ ಉಳಿದಿದ್ದರು. ನನ್ನ ಅಮ್ಮನ ಕಾಲಕ್ಕೆ ಅದು ಮೂರು ದಿನವಾಯಿತು. ನನ್ನದು ಛತ್ರದಲ್ಲಿ ಎರಡು ದಿನ: ಸಂಜೆ ವರಪೂಜೆ, ಮರುದಿನ ಬೆಳಿಗ್ಗೆ ಧಾರೆ, ಮಧ್ಯಾಹ್ನ ಭೂಮದೂಟ, ಅಷ್ಟೇ. ಮೊದಲು ನಾಲ್ಕನೆಯ ದಿನಕ್ಕೆ ಬರುತ್ತಿದ್ದ ನಾಗವಲ್ಲಿಯನ್ನು ಅವತ್ತೇ ಮಧ್ಯಾಹ್ನ ಊಟಕ್ಕೆ ಮುಂಚೆ ಮುಗಿಸಿದರು. ಯಾರೂ ಧರ್ಮ ಕೆಟ್ಟಿತು ಎನ್ನಲಿಲ್ಲ. ಛತ್ರದ ಬಾಡಿಗೆ ಎರಡೇ ದಿನಕ್ಕೆ ಕಟ್ಟಿದ್ದರು, ಶಾಸ್ತ್ರ ಅದಕ್ಕೆ ಹೊಂದಿಕೊಂಡಿತು!

ಇನ್ನೊಂದು ಮಾತು. ‘ನಮ್ಮ ಪದ್ಧತಿ’ ಎನ್ನುವಾಗ ಯಾರ ಪದ್ಧತಿ? ನಮ್ಮ ಸಂಘದ ಒಂದು ಸಮಾರಂಭದ ಪಂಕ್ತಿಯಲ್ಲೇ ಹತ್ತು ಬಗೆಯ ಮದುವೆಯಾದವರು ಕೂತಿರುತ್ತಾರೆ. ಕೊಡವರ ಮದುವೆಯಲ್ಲಿ ಪುರೋಹಿತರಿಲ್ಲ, ಹೋಮವಿಲ್ಲ. ಬಾಳೆಯ ದಿಂಡು ಕಡಿಯುವ ಶೌರ್ಯವಿದೆ, ಮದುಮಗಳು ನೀರು ಹೊರುವ ಗಂಗಾಪೂಜೆಯಿದೆ. ವೀರಶೈವ ಲಿಂಗಾಯತರಲ್ಲಿ ಅಗ್ನಿಯ ಬದಲು ಪಂಚಕಳಶ. ದಕ್ಷಿಣ ಕನ್ನಡದ ಬಂಟರಲ್ಲಿ ವಧೂವರರ ಕೂಡಿಸಿದ ಕೈಗಳ ಮೇಲೆ ನೀರೆರೆಯುವ ಧಾರೆಯೇ ಮುಖ್ಯ. ಉತ್ತರ ಕರ್ನಾಟಕದವರಿಗೆ ಸುರಗಿ, ರುಖವತ, ಒಡಪು ಇಲ್ಲದೆ ಮದುವೆಯೇ ಅಲ್ಲ. ಇನ್ನು 1966ರಲ್ಲಿ ಕುವೆಂಪು ಅವರು ತಮ್ಮ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನು ಪುರೋಹಿತರಿಲ್ಲದೆ, ಆಡಂಬರವಿಲ್ಲದೆ, ಕನ್ನಡದಲ್ಲೇ ಪ್ರತಿಜ್ಞೆ ಹೇಳಿಸಿ ‘ಮಂತ್ರಮಾಂಗಲ್ಯ’ವಾಗಿ ಮಾಡಿದರು. ಇಂದಿಗೂ ಎಷ್ಟೋ ಜೋಡಿಗಳು ಹಾಗೆ ಮದುವೆಯಾಗುತ್ತಾರೆ. ಇವೆಲ್ಲವೂ ಕನ್ನಡದ ಮದುವೆಗಳೇ.

ಮುಹೂರ್ತದ ಗಲಾಟೆ

ನಮ್ಮ ಬೀಗರ ಜೊತೆ ಮೊದಲ ಪೇಚಾಟ ಆದದ್ದು ಹೊತ್ತಿನ ವಿಷಯದಲ್ಲಿ. ನಮಗೆ ಧಾರೆ ಹಗಲಿನಲ್ಲಿ ಆಗಬೇಕು, ಊಟದ ಹೊತ್ತಿಗೆ ಮುಗಿಯಬೇಕು. ಅವರಿಗೆ ಸಂಜೆ ಬರಾತ್ ಹೊರಡಬೇಕು, ರಾತ್ರಿ ಫೇರೆ ಆಗಬೇಕು. ತಿಂಗಳ ಲೆಕ್ಕವೂ ಬೇರೆ. ನಾವು ಅಮಾವಾಸ್ಯೆಗೆ ಮಾಸ ಮುಗಿಸುತ್ತೇವೆ, ಅವರು ಹುಣ್ಣಿಮೆಗೆ. ಹೀಗಾಗಿ ಕೃಷ್ಣಪಕ್ಷದ ಹದಿನೈದು ದಿನ ನಮ್ಮ ಪಂಚಾಂಗದಲ್ಲಿ ಒಂದು ಮಾಸ, ಅವರದರಲ್ಲಿ ಮುಂದಿನ ಮಾಸ! ಶ್ರಾವಣದಲ್ಲಿ ನಮ್ಮಲ್ಲಿ ಧಾರಾಳವಾಗಿ ಮದುವೆ ನಡೆಯುತ್ತದೆ. ಇಲ್ಲಿಯವರಿಗೆ ಅದು ಚಾತುರ್ಮಾಸ, ದೇವರು ಮಲಗಿರುವ ಕಾಲ. ಕಾರ್ತಿಕ ಶುದ್ಧ ಏಕಾದಶಿಗೆ ದೇವರು ಎದ್ದ ಮೇಲೆ ಇಡೀ ದಿಲ್ಲಿಯೇ ಕುದುರೆ, ಬ್ಯಾಂಡು ಸಮೇತ ರಸ್ತೆಗೆ ಇಳಿಯುತ್ತದೆ. ಕನ್ನಡಿಗ ಕನ್ನಡಿಗರೇ ಬೀಗರಾದರೆ ಇದೊಂದು ಲಾಭ ನೆನಪಿಡಿ: ಶ್ರಾವಣದಲ್ಲಿ ಇಲ್ಲಿನ ಹಾಲ್‌ಗಳು ಖಾಲಿ ಇರುತ್ತವೆ, ಬಾಡಿಗೆಯಲ್ಲಿ ಚೌಕಾಸಿಗೂ ಒಪ್ಪುತ್ತಾರೆ. ಸೆಕೆಯನ್ನು ಮಾತ್ರ ತಡೆದುಕೊಳ್ಳಬೇಕು.

ಮುಹೂರ್ತ ನೋಡುವಾಗ ಊರಿನ ಪಂಚಾಂಗದ ಗಂಟೆಯನ್ನು ಹಾಗೆಯೇ ಇಲ್ಲಿಗೆ ತರಬೇಡಿ. ದಿಲ್ಲಿ, ಬೆಂಗಳೂರು ಹೆಚ್ಚುಕಡಿಮೆ ಒಂದೇ ರೇಖಾಂಶದ ಮೇಲಿವೆ, ಆದ್ದರಿಂದ ನಡುಮಧ್ಯಾಹ್ನದ ಅಭಿಜಿನ್ ಮುಹೂರ್ತ ಎರಡೂ ಕಡೆ ಸುಮಾರು ಒಂದೇ ಹೊತ್ತಿಗೆ ಬರುತ್ತದೆ. ಆದರೆ ಉತ್ತರಕ್ಕೆ ಹೋದಂತೆ ಚಳಿಗಾಲದ ಸೂರ್ಯೋದಯ ತಡವಾಗುತ್ತದೆ. ಡಿಸೆಂಬರಿನಲ್ಲಿ ಬೆಂಗಳೂರಿಗಿಂತ ಅರ್ಧ ಗಂಟೆಯಷ್ಟು ತಡ. ಹೀಗಾಗಿ ಲಗ್ನದ ಗಳಿಗೆಯೂ ವ್ಯತ್ಯಾಸವಾಗುತ್ತದೆ. ಪುರೋಹಿತರಿಗೆ ಫೋನ್ ಮಾಡುವಾಗ “ಮದುವೆ ದಿಲ್ಲಿಯಲ್ಲಿ” ಎಂದು ಹೇಳಿಯೇ ಗಳಿಗೆ ಕೇಳಿ.

ನಾವು ಕೊನೆಗೆ ಹಗಲನ್ನೂ ರಾತ್ರಿಯನ್ನೂ ಹಂಚಿಕೊಂಡೆವು. ಮೊದಲು ಬೆಳಿಗ್ಗೆ ನಮ್ಮ ಇಡೀ ಮದುವೆ, ರಾತ್ರಿ ಅವರ ಇಡೀ ಮದುವೆ ಎಂದು ಯೋಚಿಸಿದ್ದೆವು. ಅವರ ಪಂಡಿತ್‌ಜಿ ಒಪ್ಪಲಿಲ್ಲ. “ಬೆಳಿಗ್ಗೆ ಮದುವೆಯಾದವರಿಗೆ ರಾತ್ರಿ ಮತ್ತೆ ಎಂಥ ಮದುವೆ?” ಎಂದರು. ಮಾತು ಸರಿಯೇ. ನಮ್ಮ ಪುರೋಹಿತರು ಒಂದು ಉಪಾಯ ಹೇಳಿದರು: ಬೆಳಿಗ್ಗೆ ಗೌರಿಪೂಜೆ, ಕಾಶೀಯಾತ್ರೆ, ಅಂತರಪಟ, ಧಾರೆ, ಮಾಂಗಲ್ಯಧಾರಣೆ. ರಾತ್ರಿ ಒಂದೇ ಅಗ್ನಿಯ ಎದುರು ಇಬ್ಬರು ಪುರೋಹಿತರೂ ಕೂತು ಲಾಜಹೋಮ, ಫೇರೆ, ಸಪ್ತಪದಿ. ಮದುವೆ ಒಂದೇ, ನಡುವೆ ಊಟದ ವಿರಾಮ ಸ್ವಲ್ಪ ಉದ್ದ, ಅಷ್ಟೆ!

ಹಾಲ್‌ನವರ ಶಾಸ್ತ್ರ

ಮಂತ್ರಕ್ಕಿಂತ ದೊಡ್ಡ ಶಾಸ್ತ್ರ ಹಾಲ್‌ನವರದು. ಒಳಗೆ ಹೋಮ ಕೂಡದು, ಚಾವಣಿಯಲ್ಲಿ ಹೊಗೆ ಕಂಡರೆ ಕೂಗುವ ಅಲಾರಂ ಇದೆ. ಹೊರಗಿನ ಅಡುಗೆಯವರು ಕೂಡದು. ನಾವು ಮೊದಲು ನೋಡಿದ ಎರಡು ಹಾಲ್ ಇದೇ ಕಾರಣಕ್ಕೆ ಬಿಟ್ಟೆವು. ಹುಲ್ಲುಹಾಸಿರುವ ಜಾಗದಲ್ಲಾದರೆ ಹೋಮಕ್ಕೆ ತೊಂದರೆಯಿಲ್ಲ. ಮುಂಗಡ ಕೊಡುವ ಮುನ್ನ ಈ ಎರಡು ಪ್ರಶ್ನೆಯನ್ನು ಕೇಳಿ, ಉತ್ತರವನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ನಿಲ್ಲಬೇಕೆಂಬ ನಿಯಮ 2000ದಿಂದಲೂ ಇದೆ. ನಮಗೆ ಅದು ವರವೇ ಆಯಿತು. ಡಿಜೆ ನಿಂತ ಮೇಲೆಯೇ ಮಂತ್ರ ಕಿವಿಗೆ ಬಿದ್ದದ್ದು!

ಬಾಳೆ ಎಲೆ ಐಎನ್‌ಎ ಮಾರ್ಕೆಟ್ಟಿನಿಂದ ಬಂತು, ಹೂವು ಗಾಜಿಪುರದ ಮಂಡಿಯಿಂದ. ಎಳೆ ಬಾಳೆಕಂಬ ಸಿಗುವುದೇ ಕಷ್ಟ ಅಂದುಕೊಂಡಿದ್ದೆ. ದಿಲ್ಲಿಯಲ್ಲಿ ದುಡ್ಡು ಕೊಟ್ಟರೆ ಅದೂ ಸಿಗುತ್ತದೆ. ಸಿಗದೇ ಹೋದದ್ದು ತುಳಿಸಲು ಕಲ್ಲು! ‘ಈ ಕಲ್ಲಿನಂತೆ ಸ್ಥಿರವಾಗಿರು’ ಎಂದು ಮದುಮಗಳ ಪಾದವನ್ನು ಕಲ್ಲಿನ ಮೇಲೆ ಇರಿಸುವ ಶಾಸ್ತ್ರ ಒಂದಿದೆ. ಮಿಕ್ಸಿ ಬಂದ ಮನೆಯಲ್ಲಿ ರುಬ್ಬುವ ಕಲ್ಲು ಎಲ್ಲಿಂದ ಬರಬೇಕು? ಕೊನೆಗೆ ನಾನು 1993ರಲ್ಲಿ ಟ್ರಂಕಿನಲ್ಲಿ ತಂದಿದ್ದ ಶುಂಠಿ ಜಜ್ಜುವ ಪುಟ್ಟ ಕಲ್ಲನ್ನು ತೊಳೆದು, ಅರಿಶಿನ ಹಚ್ಚಿ ಇಟ್ಟೆ. ಪುರೋಹಿತರು ಬಗ್ಗಿ ನೋಡಿ, “ಪಾದದ ಹೆಬ್ಬೆರಳಾದರೂ ಕೂರುತ್ತೆ ಬಿಡಿ” ಎಂದರು.

ಊಟ ಬೆಳಿಗ್ಗೆ ಪಂಕ್ತಿಯಲ್ಲಿ, ಕೋಸಂಬರಿಯಿಂದ ಹೋಳಿಗೆಯವರೆಗೆ. ರಾತ್ರಿ ಅವರ ಬಫೆ. ಪಂಕ್ತಿಯಲ್ಲಿ ಬೀಗರ ಕಡೆಯ ಅಜ್ಜಿಯೊಬ್ಬರು ಎಲೆ ಮಡಿಸದೆ ತುಂಬ ಹೊತ್ತು ಕೂತೇ ಇದ್ದರು. “ನಮ್ಮ ಹಳ್ಳಿಯಲ್ಲೂ ಹೀಗೆ ನೆಲದ ಮೇಲೆ ಕೂರಿಸಿ ಬಡಿಸುತ್ತಿದ್ದರು” ಎಂದರು.

ಹೊಸದೆಂದುಕೊಂಡದ್ದು ಹಳೆಯದೇ

ಮೆಹೆಂದಿ, ಸಂಗೀತ್ ಎಂದರೆ ನಮ್ಮ ಕೆಲವು ಹಿರಿಯರು ಮೂಗು ಮುರಿಯುತ್ತಾರೆ, “ಉತ್ತರದವರ ಅನುಕರಣೆ” ಎನ್ನುತ್ತಾರೆ. ನಾನೂ ಹಾಗೆಯೇ ಅಂದಿದ್ದೆ. ಆದರೆ ಗೋರಂಟಿ ಅರೆದು ಕೈಗೆ ಮೆತ್ತಿಕೊಂಡದ್ದು ನಾವೇ ಅಲ್ಲವೇ? ಹಸೆಮಣೆಯ ಮೇಲೆ ಕೂರಿಸಿ ಸೋಬಾನೆ ಹಾಡುತ್ತಿದ್ದವರು ನಮ್ಮ ಅಜ್ಜಿಯರೇ ಅಲ್ಲವೇ? ಬೀಗರನ್ನು ಹಾಸ್ಯ ಮಾಡುವ ಬೀಗರ ಹಾಡು ನಮ್ಮಲ್ಲಿದ್ದರೆ, ಪಂಜಾಬಿ ಹೆಂಗಸರಲ್ಲಿ ಅಂಥದೇ ‘ಸಿಠ್ಣಿ’ ಹಾಡುಗಳಿವೆ. ನಮ್ಮಲ್ಲಿ ಸೋದರಮಾವ ಮದುಮಗಳನ್ನು ಮಂಟಪಕ್ಕೆ ಕರೆತರುತ್ತಾನೆ. ಅವರಲ್ಲಿ ಸೋದರಮಾವನೇ ಕೆಂಪು ಚೂಡಾ ಬಳೆ ತರುತ್ತಾನೆ. ನನ್ನ ತಮ್ಮ ಹಾಸನದಿಂದ ಹಸಿರು ಬಳೆ ತಂದಿದ್ದ. ಹುಡುಗಿ ಎರಡನ್ನೂ ತೊಟ್ಟಳು, ಮೊಳಕೈವರೆಗೆ ಜಾಗ ಸಾಕಾಯಿತು.

ಒಂದು ಕಡೆ ಮಾತ್ರ ಬೀಗರು ಬೆಚ್ಚಿಬಿದ್ದರು. ಮಾತಿನ ನಡುವೆ ನಮ್ಮ ಚಿಕ್ಕಮ್ಮ, ತಾವು ಸೋದರಮಾವನನ್ನೇ ಮದುವೆಯಾದದ್ದಾಗಿ ಹೇಳಿದರು. ಇಲ್ಲಿಯವರ ಪಾಲಿಗೆ ಅದು ಊಹಿಸಲೂ ಆಗದ ಸಂಬಂಧ. 1955ರ ಹಿಂದೂ ವಿವಾಹ ಕಾಯಿದೆ ಇಂಥ ಹತ್ತಿರದ ಸಂಬಂಧಗಳನ್ನು ನಿಷೇಧಿಸಿದರೂ, ರೂಢಿ ಇರುವ ಕಡೆ ಬಿಟ್ಟುಕೊಟ್ಟಿದೆ. “ಶಾಸ್ತ್ರಕ್ಕಿಂತ ರೂಢಿ ಬಲ” ಎಂಬ ಮಾತನ್ನು ಕಾನೂನೂ ಒಪ್ಪಿದೆ ಎನ್ನಿ. ಒಬ್ಬರ ರೂಢಿ ಇನ್ನೊಬ್ಬರಿಗೆ ಅಡ್ಡಿಯಾಗಿ ಕಾಣುತ್ತದೆ ಎಂಬುದು ಅವತ್ತು ಎರಡೂ ಕಡೆಯವರಿಗೆ ಅರ್ಥವಾಯಿತು.

ಮಾಂಗಲ್ಯದ ತಟ್ಟೆ

ಈಗ ಹೇಳಲು ಕಷ್ಟವಾದ ಮಾತಿಗೆ ಬರುತ್ತೇನೆ.

ನಮ್ಮಲ್ಲಿ ಮಾಂಗಲ್ಯವನ್ನು ಕಟ್ಟುವ ಮುನ್ನ ತಟ್ಟೆಯಲ್ಲಿ ಅಕ್ಷತೆಯ ಮೇಲೆ ಇಟ್ಟು ಹಿರಿಯರ ಬಳಿಗೆಲ್ಲ ಒಯ್ಯುತ್ತಾರೆ. ಅವರು ಮುಟ್ಟಿ ಹರಸಬೇಕು. ಮಗನ ಮದುವೆಯಲ್ಲಿ ಆ ತಟ್ಟೆ ಹಿಡಿದವಳು ನಾನು. ಮೊದಲ ಸಾಲಿನ ಕೊನೆಯ ಕುರ್ಚಿಯಲ್ಲಿ ನನ್ನ ಯಜಮಾನರ ಅಕ್ಕ ಕೂತಿದ್ದರು. ಮಕ್ಕಳಿಗೆ ಸೋದರತ್ತೆ. ಅವರ ಯಜಮಾನರು ತೀರಿಕೊಂಡು ಆಗಲೇ ಹತ್ತು ವರ್ಷವಾಗಿತ್ತು. ನನ್ನ ಮಗ ಹುಟ್ಟಿದಾಗ ದಿಲ್ಲಿಯ ಜನವರಿ ಚಳಿಯಲ್ಲಿ ಮೂರು ತಿಂಗಳು ನನ್ನ ಜೊತೆಗಿದ್ದು ಬಾಣಂತನ ಮಾಡಿದವರು ಅವರು. ಮಗುವಿಗೆ ಎಣ್ಣೆ ಹಚ್ಚಿ ಮೊದಲ ನೀರು ಹಾಕಿದ್ದು ಅವರ ಕೈ. ನಾನು ಹತ್ತಿರ ಹೋದಂತೆ ಅವರು ಸೆರಗು ಹೊದ್ದು ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿಕೊಂಡರು. ನಾನು ಏನೂ ಹೇಳದೆ ಮುಂದಿನ ಸಾಲಿಗೆ ಹೋದೆ.

ಯಾರೂ ನನ್ನನ್ನು ತಡೆದಿರಲಿಲ್ಲ. ಪುರೋಹಿತರು ದೂರದ ಮಂಟಪದಲ್ಲಿದ್ದರು. ಅತ್ತೆಮಾವ ಇರಲೇ ಇಲ್ಲ. ಕಾಲೇಜಿನಲ್ಲಿ ಜೇನ್ ಆಸ್ಟೆನ್ ಓದಿ ಹೆಣ್ಣಿನ ಸ್ಥಿತಿಯ ಮೇಲೆ ಪುಟಗಟ್ಟಲೆ ಉತ್ತರ ಬರೆದಿದ್ದ ನಾನು, ಎರಡು ಹೆಜ್ಜೆ ಮುಂದಿಟ್ಟು “ಮುಟ್ಟಿ ಅಕ್ಕ” ಎನ್ನಲಿಲ್ಲ. ನೋಡಿದವರು ಏನೆಂದುಕೊಂಡಾರು ಎಂಬ ಅಂಜಿಕೆ. ಅವತ್ತು ರಾತ್ರಿ ನನ್ನ ಮಗಳು ಕೇಳಿದ್ದು ಒಂದೇ ಮಾತು: “ಅಮ್ಮಾ, ಅತ್ತೆ ಹತ್ತಿರ ತಟ್ಟೆ ಯಾಕೆ ನಿಲ್ಲಿಸಲಿಲ್ಲ?” “ಅವರೇ ಬೇಡ ಅಂದರು ಕಣೆ” ಎಂದೆ. ಅದು ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು.

ಮೂರು ವರ್ಷದ ಮೇಲೆ ತನ್ನ ಮದುವೆಯ ಪಟ್ಟಿ ಬರೆಯುವಾಗ ಹುಡುಗಿ ಹಾಕಿದ ಷರತ್ತು ಒಂದೇ. ಲೆಹೆಂಗಾದ ಬಗ್ಗೆ ಅಲ್ಲ, ಫೋಟೋಗ್ರಾಫರನ ಬಗ್ಗೆ ಅಲ್ಲ. “ಮಾಂಗಲ್ಯದ ತಟ್ಟೆ ಮೊದಲು ಅತ್ತೆಗೆ” ಎಂದಳು. ನಾನು ಪುರೋಹಿತರಿಗೆ ಹೆದರುತ್ತಲೇ ಫೋನ್ ಮಾಡಿದೆ. ಅವರು, “ಹಿರಿಯರ ಆಶೀರ್ವಾದ ಪಡೆಯಿರಿ ಅಂತ ನಾವು ಹೇಳೋದು ಅಮ್ಮಾ. ಯಾರನ್ನು ಬಿಡಬೇಕು ಅನ್ನೋದಕ್ಕೆ ನನ್ನ ಹತ್ತಿರ ಮಂತ್ರ ಇಲ್ಲ” ಎಂದರು. ನಾವೇ ಕಟ್ಟಿಕೊಂಡಿದ್ದ ಗೋಡೆ ಅದು.

ಹೆಚ್ಚು ಕಷ್ಟವಾದದ್ದು ಅಕ್ಕನನ್ನೇ ಒಪ್ಪಿಸುವುದು. “ಬೇಡ ಕಣೆ, ಮಗುಗೆ ಏನಾದ್ರೂ ಆದ್ರೆ ನನ್ನ ತಲೆಗೆ ಬರುತ್ತೆ” ಎಂದು ಅತ್ತರು. ಹುಡುಗಿ, “ಅತ್ತೆ, ನೀವು ಮುಟ್ಟದ ತಾಳಿ ನನಗೆ ಬೇಡ” ಎಂದಳು. ಮದುವೆಯ ದಿನ ತಟ್ಟೆ ಹಿಡಿದವಳು ನಾನೇ. ಈ ಸಲ ಕೊನೆಯ ಕುರ್ಚಿಯಿಂದ ಶುರು ಮಾಡಿದೆ. ಅಕ್ಕ ಬೆರಳ ತುದಿಯಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಹಿಂದಿನ ಸಾಲಿನಲ್ಲಿ ಯಾರೋ ಏನೋ ಪಿಸುಗುಟ್ಟಿದರು. ಏನೆಂದು ನಾನು ಕೇಳಿಸಿಕೊಳ್ಳಲಿಲ್ಲ.

ಎಲ್ಲ ಸುಖವಾಯಿತು ಎಂದು ಹೇಳಲಾರೆ. ಮಗನ ಮದುವೆಯ ಆಲ್ಬಮ್ಮಿನಲ್ಲಿ ಆ ಫೋಟೋ ಹಾಗೆಯೇ ಇದೆ: ನಾನು ತಟ್ಟೆ ಹಿಡಿದು ನಡೆಯುತ್ತಿದ್ದೇನೆ, ಅಂಚಿನಲ್ಲಿ ಅಕ್ಕನ ಸೆರಗು ಮಾತ್ರ ಕಾಣುತ್ತದೆ. ಆದ್ದರಿಂದ ಮಕ್ಕಳೇ, ಯಾವ ಪದ್ಧತಿ ಉಳಿಸಬೇಕು, ಯಾವುದನ್ನು ಬಿಡಬೇಕು ಎಂದು ನೀವು ಕೇಳಿದರೆ ನನ್ನ ಅಳತೆಗೋಲು ಇದು. ಕುರ್ಚಿ ಹಿಂದಕ್ಕೆ ಸರಿಸಿಕೊಳ್ಳುವಂತೆ ಯಾರನ್ನಾದರೂ ಮಾಡುವ ಪದ್ಧತಿಯನ್ನು ಬಿಡಿ. ವರದಕ್ಷಿಣೆಗೆ 1961ರಿಂದಲೇ ನಿಷೇಧವಿದೆ. ‘ಗಿಫ್ಟ್’ ಎಂಬ ಹೊಸ ಹೆಸರಿನಲ್ಲಿ ಬಂದರೂ ಅದನ್ನು ಬಾಗಿಲಲ್ಲೇ ತಡೆಯಿರಿ.

ಏಳನೆಯ ಹೆಜ್ಜೆ

ಕನ್ಯಾದಾನದ ವಿಷಯದಲ್ಲೂ ನಮ್ಮಲ್ಲಿ ಚರ್ಚೆಯಾಯಿತು. “ದಾನ ಕೊಡೋಕೆ ನಾನೇನು ಪಾತ್ರೆಯಾ?” ಎಂದಳು. ಕೊನೆಗೆ ಧಾರೆಯ ನೀರನ್ನು ನಾವೂ ಬೀಗರೂ ಸೇರಿ ಎರೆದೆವು. ಪುರೋಹಿತರು ಸಂಕಲ್ಪವನ್ನು ಎರಡೂ ಮನೆಯ ಹೆಸರು ಸೇರಿಸಿ ಹೇಳಿದರು. 2024ರ ಮಾರ್ಚಿನಲ್ಲಿ ಅಲಹಾಬಾದ್ ಹೈಕೋರ್ಟ್ ಒಂದು ಮೊಕದ್ದಮೆಯಲ್ಲಿ, ಹಿಂದೂ ವಿವಾಹ ಕಾಯಿದೆಯ ಪ್ರಕಾರ ಕನ್ಯಾದಾನ ಕಡ್ಡಾಯವಲ್ಲ ಎಂದು ಹೇಳಿದ್ದನ್ನು ಓದಿ, ಹುಡುಗಿ ನನಗೆ ಅದನ್ನು ಕಳಿಸಿ ನಗುವ ಮುಖವನ್ನೂ ಹಾಕಿದ್ದಳು!

ಆ ಕಾಯಿದೆಯ ಏಳನೆಯ ಕಲಂ ಹೇಳುವುದು ಸರಳ. ಹುಡುಗ ಅಥವಾ ಹುಡುಗಿ, ಯಾರಾದರೊಬ್ಬರ ಕಡೆಯ ರೂಢಿಯಂತೆ ವಿಧಿ ನಡೆಯಬೇಕು. ಆ ವಿಧಿಯಲ್ಲಿ ಸಪ್ತಪದಿ ಇದ್ದರೆ, ಅಗ್ನಿಯ ಎದುರು ಏಳನೆಯ ಹೆಜ್ಜೆ ಇಟ್ಟಾಗ ಮದುವೆ ಪೂರ್ಣ. ಆ ಏಳು ಹೆಜ್ಜೆ ಏನು ಗೊತ್ತೇ? ಅನ್ನಕ್ಕೊಂದು, ಬಲಕ್ಕೊಂದು, ಸಂಪತ್ತಿಗೊಂದು, ಸುಖಕ್ಕೊಂದು, ಸಂತತಿಗೊಂದು, ಋತುಗಳಿಗೊಂದು, ಕೊನೆಯದು ಸ್ನೇಹಕ್ಕೆ. ಏಳನೆಯ ಹೆಜ್ಜೆಯಲ್ಲಿ ಅವರಿಬ್ಬರೂ ಸಖರಾಗುತ್ತಾರೆ. ನನಗಿದು ಗೊತ್ತಾದದ್ದು ಐವತ್ತೊಂದನೆಯ ವಯಸ್ಸಿನಲ್ಲಿ! ನೀವು ಮೊದಲೇ ಕೇಳಿ ತಿಳಿದುಕೊಂಡು ನಡೆಯಿರಿ. ಪುರೋಹಿತರನ್ನು ಕನ್ನಡದಲ್ಲೋ ಹಿಂದಿಯಲ್ಲೋ ಅರ್ಥ ಹೇಳಿ ಎಂದರೆ ಸಂತೋಷವಾಗಿ ಹೇಳುತ್ತಾರೆ.

ನಮ್ಮ ಮನೆಯ ಏಳನೆಯ ಹೆಜ್ಜೆ ಬೀಳುವ ಹೊತ್ತಿಗೆ ಗಡಿಯಾರ ಹನ್ನೆರಡು ದಾಟಿತ್ತು. ಲಗ್ನಪತ್ರಿಕೆಯಲ್ಲಿ ಒಂದು ತಾರೀಕು, ಮದುವೆ ಪೂರ್ಣವಾದದ್ದು ಮರುದಿನದ ತಾರೀಕಿನಲ್ಲಿ! ನೋಂದಣಿಯ ಅರ್ಜಿ ತುಂಬುವಾಗ ಇದೇ ದೊಡ್ಡ ಚರ್ಚೆಯಾಯಿತು. ನಮ್ಮ ಪುರೋಹಿತರಿಗೆ ಮಾತ್ರ ಗೊಂದಲವೇ ಇಲ್ಲ. ನಮ್ಮಲ್ಲಿ ದಿನ ಶುರುವಾಗುವುದು ಸೂರ್ಯೋದಯಕ್ಕೆ, ಆದ್ದರಿಂದ ಎಲ್ಲವೂ ಒಂದೇ ದಿನ. ಅರ್ಜಿಯಲ್ಲಿ ಮರುದಿನದ ತಾರೀಕು ಬರೆದೆವು. ಮಕ್ಕಳು ಈಗ ಎರಡು ದಿನವೂ ಕೇಕು ಕತ್ತರಿಸುತ್ತಾರೆ.

ನೋಂದಣಿಯನ್ನು ಮರೆಯಬೇಡಿ. ಎಲ್ಲ ಮದುವೆಗಳ ನೋಂದಣಿ ಕಡ್ಡಾಯವಾಗಬೇಕೆಂದು ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿತು. ನಮ್ಮ ಎನ್‌ಸಿಆರ್ ದಿಲ್ಲಿಯಲ್ಲದೆ ಇನ್ನೂ ಮೂರು ರಾಜ್ಯಗಳಲ್ಲಿ ಹರಡಿದೆ. ದಿಲ್ಲಿ, ಗುರುಗ್ರಾಮ, ನೋಯ್ಡಾ ಒಂದೊಂದಕ್ಕೂ ಬೇರೆ ನಿಯಮ, ಬೇರೆ ಕಚೇರಿ. ಮೊದಲೇ ವಿಚಾರಿಸಿ. ಹಾಗೆಂದು ಬರೀ ಸರ್ಟಿಫಿಕೇಟು ಮಾಡಿಸಿಕೊಂಡು ವಿಧಿಯನ್ನು ಬಿಡಲೂ ಬರುವುದಿಲ್ಲ. ವಿಧಿ ನಡೆಯದೆ ಪಡೆದ ಕಾಗದದಿಂದ ಹಿಂದೂ ಮದುವೆ ಆಗುವುದಿಲ್ಲವೆಂದು ಅದೇ ನ್ಯಾಯಾಲಯ 2024ರಲ್ಲಿ ಹೇಳಿದೆ. ವಿಧಿಯೇ ಬೇಡ ಎನ್ನುವವರಿಗೆ, ಅಥವಾ ಬೇರೆ ಧರ್ಮದವರನ್ನು ಮೆಚ್ಚಿದವರಿಗೆ 1954ರ ವಿಶೇಷ ವಿವಾಹ ಕಾಯಿದೆ ಇದೆ. ಅದಕ್ಕೆ ಮೂವತ್ತು ದಿನ ಮುಂಚೆ ನೋಟಿಸು ಕೊಡಬೇಕು.

ಖರ್ಚಿನ ಮಾತು ಒಂದೇ ಸಾಲಿನಲ್ಲಿ ಹೇಳುತ್ತೇನೆ. 2020ರ ನವೆಂಬರಿನಲ್ಲಿ ಕೊರೋನಾ ಏರಿದಾಗ ದಿಲ್ಲಿಯಲ್ಲಿ ಮದುವೆಗೆ ಐವತ್ತೇ ಜನ ಎಂದು ಸರಕಾರ ಕಟ್ಟುಮಾಡಿತು, ಆ ಐವತ್ತು ಜನರ ನಡುವೆ ಆದ ಮದುವೆಗಳು ಇವತ್ತೂ ಚೆನ್ನಾಗಿಯೇ ಇವೆ.

ಅರುಂಧತಿ

ಕೊನೆಯದಾಗಿ ಒಂದು ಸಂತೋಷದ ಸಂಗತಿ. ನಮ್ಮ ಹಗಲು ಮದುವೆಗಳಲ್ಲಿ ಅರುಂಧತಿ ದರ್ಶನವೆಂದರೆ ನಡುಮಧ್ಯಾಹ್ನ ಛತ್ರದ ಬಾಗಿಲಲ್ಲಿ ನಿಲ್ಲಿಸಿ ಬರಿಯ ಆಕಾಶ ತೋರಿಸುವುದು. “ಕಂಡಿತೇ?” ಎಂದರೆ “ಕಂಡಿತು” ಎನ್ನಬೇಕು. ನಾನೂ ಹಾಗೆಯೇ ಸುಳ್ಳು ಹೇಳಿದ್ದೆ. ಮಗಳ ಮದುವೆಯಲ್ಲಿ ಎಲ್ಲ ಮುಗಿದಾಗ ರಾತ್ರಿ ಎರಡು ಗಂಟೆ. ಬೀಗರ ಕಡೆಯ ತಾತ ಧ್ರುವನನ್ನು ತೋರಿಸಲು ಮಕ್ಕಳನ್ನು ಹುಲ್ಲಿನ ಮೇಲೆ ಕರೆದುಕೊಂಡು ಹೋದರು. ದಿಲ್ಲಿಯಲ್ಲಿ ಧ್ರುವ ನಮ್ಮೂರಿಗಿಂತ ಎರಡರಷ್ಟು ಎತ್ತರದಲ್ಲಿ ನಿಲ್ಲುತ್ತಾನೆ. ಈಶಾನ್ಯದಲ್ಲಿ ಹೊಗೆಮಂಜಿನ ನಡುವೆ ಸಪ್ತರ್ಷಿಗಳು ಮಸುಕಾಗಿ ಮೇಲೇರಿದ್ದರು. ಬಾಲದ ನಡುವಿನ ವಸಿಷ್ಠ ಕಂಡ. ಪಕ್ಕದ ಅರುಂಧತಿ ನಮ್ಮ ಯಾರ ಕಣ್ಣಿಗೂ ಕಾಣಲಿಲ್ಲ. ಫೋಟೋ ತೆಗೆಯುವ ಹುಡುಗ ತನ್ನ ಉದ್ದನೆಯ ಲೆನ್ಸನ್ನು ಆ ಕಡೆ ತಿರುಗಿಸಿ, ಕ್ಯಾಮೆರಾದ ಹಿಂದಿನ ಪರದೆಯಲ್ಲಿ ತೋರಿಸಿದ. ಒಂದು ದೊಡ್ಡ ಚುಕ್ಕಿ, ಹತ್ತಿರದಲ್ಲೇ ಒಂದು ಚಿಕ್ಕ ಚುಕ್ಕಿ.

ಅಕ್ಕ ಶಾಲು ಹೊದ್ದುಕೊಂಡು ಬಂದು ಕನ್ನಡಕ ಏರಿಸಿ ಪರದೆಯನ್ನು ನೋಡಿದರು. “ನನ್ನ ಮದುವೇಲಿ ಕಂಡಿತು ಅಂತ ಸುಳ್ಳು ಹೇಳಿದ್ದೆ. ಈಗ ನಿಜವಾಗ್ಲೂ ನೋಡಿದೆ” ಎಂದರು.

ನಿಮ್ಮ ಮದುವೆಯ ಕಾಗದ ಬಂದಾಗ ನಾನಂತೂ ಬರುತ್ತೇನೆ, ಪಂಕ್ತಿಯಾದರೂ ಸರಿ, ಬಫೆಯಾದರೂ ಸರಿ. ಶುಂಠಿ ಜಜ್ಜುವ ಆ ಕಲ್ಲು ಬೇಕಿದ್ದರೆ ಹೇಳಿಕಳಿಸಿ, ತೊಳೆದು ಇಟ್ಟಿದ್ದೇನೆ. ಎಲ್ಲರಿಗೂ ಶುಭವಾಗಲಿ.